ನೀರಿಗೆ ದಾರಿ: ಮಳೆಗಾಲದ ಮೋಟಾರು ಸಂಚಾರದ ಚರಿತ್ರೆಯಲ್ಲಿ ಕೆಲವು ಘಟ್ಟಗಳು

೧. ಪೀಠಿಕೆ

ಮಳೆಗಾಲದ ಪ್ರಯಾಣವನ್ನು ಕುರಿತು ನಮ್ಮ ನಾಡಿನಲ್ಲಿ ಬಳಕೆಯಲ್ಲಿದ್ದ ಅತ್ಯಂತ ಹಳೆಯ ನಿಯಮವೆಂದರೆ ಪ್ರಯಾಣ ಮಾಡಬಾರದು ಎಂಬುದೇ. ಸಂನ್ಯಾಸಿಗಳು ಆಷಾಢಮಾಸದಲ್ಲಿ ಚಾತುರ್ಮಾಸ್ಯವ್ರತವನ್ನು ಕೈಕೊಂಡು ಒಂದೇ ಸ್ಥಳದಲ್ಲಿ ನಿಲ್ಲುವರು. ಜೈನಮುನಿಗಳಿಗೂ ಬೌದ್ಧಭಿಕ್ಷುಗಳಿಗೂ ಇಂತಹುದೇ ಕಟ್ಟಳೆ ಉಂಟು. ಈ ವ್ರತಗಳಿಗೆ ಅಹಿಂಸೆ, ಸ್ವಾಧ್ಯಾಯ ಮೊದಲಾದ ಧಾರ್ಮಿಕ ಕಾರಣಗಳನ್ನು ಹೇಳುತ್ತಾರೆ, ಅವು ಸರಿಯೇ. ಆದರೆ ಅವುಗಳ ಹಿಂದೆ, ತುಂಬಿದ ಹೊಳೆಯನ್ನೂ ಕೊಚ್ಚಿಹೋದ ದಾರಿಯನ್ನೂ ಕಂಡಿದ್ದ ಜನರ ಲೋಕಾನುಭವವೂ ಇದ್ದಿರಬೇಕು. ಕರಾವಳಿಯಲ್ಲಿ ಹಾಯಿಹಡಗುಗಳನ್ನು ಜ್ಯೇಷ್ಠಮಾಸದ ಹೊತ್ತಿಗೆ ದಡಕ್ಕೆಳೆದು ತಟ್ಟಿ ಕಟ್ಟುತ್ತಿದ್ದರು. ಘಟ್ಟದ ಮೇಲಿನ ಅಡಕೆ ಮೆಣಸುಗಳು ಕೆಳಗಿಳಿಯುವುದೂ ಕೆಳಗಿನ ಉಪ್ಪು ಮೇಲೇರುವುದೂ ಬಹುಮಟ್ಟಿಗೆ ಬೇಸಗೆಯ ಕೆಲಸವಾಗಿದ್ದಿತು. ಮಳೆ ಹಿಡಿದ ಮೇಲೆ ಎತ್ತಿಗೂ ಮನುಷ್ಯನಿಗೂ ಬಿಡುವು.

ಮೋಟಾರು ಗಾಡಿ ಈ ಬಿಡುವನ್ನು ಮುರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನು ಮೊದಲ ಬಾರಿಗೆ ಆರ್ದ್ರಾ ಮಳೆಯಲ್ಲಿಯೂ ಆಶ್ಲೇಷಾ ಮಳೆಯಲ್ಲಿಯೂ ಬೇಸಗೆಯ ವೇಗದಲ್ಲಿಯೇ ಸಂಚರಿಸಬಹುದೆಂದು ಎಣಿಸತೊಡಗಿದನು. ಋತು ವಿಧಿಸುತ್ತಿದ್ದ ನಿಷೇಧವು ಇಲ್ಲವಾದ ಮೇಲೆ, ಆ ನಿಷೇಧವು ಮಾಡುತ್ತಿದ್ದ ರಕ್ಷಣೆಯ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳಬೇಕಾಯಿತು. ಯಾರು ವಹಿಸಿಕೊಂಡರು? ರಸ್ತೆಯನ್ನು ಕಟ್ಟಿದವರೇ, ಗಾಡಿಯನ್ನು ಮಾಡಿದವರೇ, ಅಥವಾ ಗಾಡಿಯನ್ನು ನಡೆಸುವವರೇ? ಈ ಪ್ರಶ್ನೆಯನ್ನು ಚರಿತ್ರೆಯ ಆಧಾರದಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯು ಕೇವಲ ಕುತೂಹಲದ್ದಲ್ಲ. ಮಳೆಯಲ್ಲಿ ಒಂದು ಗಾಡಿ ಕಂದಕಕ್ಕೆ ಉರುಳಿದರೆ ನಾವು ಎರಡು ಮಾತುಗಳಲ್ಲಿ ಒಂದನ್ನು ಹೇಳಿ ಸುಮ್ಮನಾಗುತ್ತೇವೆ: ‘ಮಳೆಯಿಂದಾಯಿತು’ ಎನ್ನುತ್ತೇವೆ, ಇಲ್ಲವೆ ‘ಚಾಲಕನ ಅಜಾಗರೂಕತೆಯಿಂದಾಯಿತು’ ಎನ್ನುತ್ತೇವೆ. ಮೊದಲನೆಯದು ಹೊಣೆಯನ್ನು ಆಕಾಶಕ್ಕೆ ಏರಿಸುತ್ತದೆ. ಎರಡನೆಯದು ಅದನ್ನು ಬಹುವೇಳೆ ಉತ್ತರ ಹೇಳಲಾರದ ಒಬ್ಬನ ಮೇಲೆ ಹೊರಿಸುತ್ತದೆ. ಇನ್ನೂರು ವರ್ಷಗಳ ರಸ್ತೆ ಮತ್ತು ಚಕ್ರಗಳ ಚರಿತ್ರೆಯನ್ನು ನೋಡಿದರೆ ಈ ಎರಡು ಮಾತುಗಳೂ ಅಪೂರ್ಣವೆಂದು ತೋರುತ್ತದೆ. ಆ ಚರಿತ್ರೆಯ ತಿರುಳನ್ನು ಒಂದು ವಾಕ್ಯದಲ್ಲಿ ಹೇಳುವುದಾದರೆ, ಮಳೆಯಲ್ಲಿ ಸುರಕ್ಷಿತವಾಗಿ ಸಾಗುವುದೆಂದರೆ ನೀರಿಗೆ ಅದರ ದಾರಿಯನ್ನು ಮೊದಲು ಬಿಟ್ಟುಕೊಟ್ಟು ಅನಂತರ ನಮ್ಮ ದಾರಿಯನ್ನು ಹಿಡಿಯುವುದು.

೨. ರಸ್ತೆಯೆಂಬ ಚಾವಣಿ

ಆಧುನಿಕ ರಸ್ತೆಯ ಚರಿತ್ರೆ ಮಳೆಯ ನೀರಿನಿಂದಲೇ ಆರಂಭವಾಗುತ್ತದೆ. ಫ್ರಾನ್ಸಿನಲ್ಲಿ ಪಿಯರ್ ತ್ರೆಸಾಗೆ ಎಂಬ ಇಂಜಿನಿಯರು ಹದಿನೆಂಟನೆಯ ಶತಮಾನದಲ್ಲಿಯೇ ರಸ್ತೆಯ ತಳವನ್ನೂ ಮೇಲ್ಮೈಯನ್ನೂ ಬಾಗಿಸಿ ಕಟ್ಟುವ ಕ್ರಮವನ್ನು ರೂಢಿಸಿದ್ದನು. ಬ್ರಿಟನ್ನಿನಲ್ಲಿ ಥಾಮಸ್ ಟೆಲ್‌ಫರ್ಡನು ದೊಡ್ಡ ಕಲ್ಲುಗಳನ್ನು ಕೈಯಿಂದ ಜೋಡಿಸಿದ ಭದ್ರವಾದ ಅಸ್ತಿಭಾರವನ್ನು ರಸ್ತೆಗೆ ಹಾಕಿಸುತ್ತಿದ್ದನು. ಇವರಿಬ್ಬರಿಗಿಂತ ಸರಳವೂ ದೂರಗಾಮಿಯೂ ಆದ ವಿಚಾರವನ್ನು ಮುಂದಿಟ್ಟವನು ೧೮೧೬ರಲ್ಲಿ ಬ್ರಿಸ್ಟಲ್ ಪ್ರಾಂತದ ರಸ್ತೆಗಳ ಮೇಲ್ವಿಚಾರಕನಾದ ಜಾನ್ ಲೌಡನ್ ಮೆಕ್ಯಾಡಮ್ (೧೭೫೬–೧೮೩೬).

ಮೆಕ್ಯಾಡಮನ ವಾದ ಹೀಗಿದೆ: ಗಾಡಿಯ ಭಾರವನ್ನು ನಿಜವಾಗಿ ಹೊರುವುದು ಕೆಳಗಿನ ನೆಲ. ಆ ನೆಲ ಒಣಗಿರುವವರೆಗೆ ಅದು ಎಂತಹ ಭಾರವನ್ನಾದರೂ ಹೊರುತ್ತದೆ. ನೆನೆದರೆ ಯಾವ ಭಾರವನ್ನೂ ಹೊರದು. ಆದುದರಿಂದ ಮೇಲೆ ಹಾಸುವ ಜಲ್ಲಿಯ ಮುಖ್ಯ ಕೆಲಸ ಭಾರ ಹೊರುವುದಲ್ಲ, ನೆಲವನ್ನು ನೆನೆಯದಂತೆ ಕಾಪಾಡುವುದು. ರಸ್ತೆಯೆಂದರೆ ನೆಲಕ್ಕೆ ಹೊದಿಸಿದ ಒಂದು ಚಾವಣಿ. ಚಾವಣಿಗೆ ಇಳಿಜಾರು ಬೇಕಾಗುವಂತೆ ರಸ್ತೆಗೂ ನಡುಭಾಗ ಕೊಂಚ ಎತ್ತರವಾಗಿರಬೇಕು. ಇಳಿದ ನೀರು ಹರಿದುಹೋಗಲು ಎರಡು ಬದಿಗಳಲ್ಲಿಯೂ ರಸ್ತೆಗಿಂತ ತಗ್ಗಾದ ಚರಂಡಿ ಇರಬೇಕು. ಮೇಲೆ ಹಾಸುವ ಕಲ್ಲಿನ ಒಂದೊಂದು ಚೂರೂ ಆರು ಔನ್ಸಿಗಿಂತ ಹೆಚ್ಚು ತೂಗಬಾರದೆಂದು ಅವನು ಕಟ್ಟುಮಾಡಿದನು. ಚೂರುಗಳು ಸಣ್ಣವಾಗಿದ್ದರೆ ಗಾಡಿಗಳ ಕಬ್ಬಿಣದ ಪಟ್ಟಿಯ ತುಳಿತಕ್ಕೆ ಒಂದರಲ್ಲೊಂದು ಕಚ್ಚಿಕೊಂಡು ನೀರು ಇಂಗದ ಹೊದಿಕೆಯಾಗುವುವು.

ಈ ಕ್ರಮವು ಬ್ರಿಟಿಷ್ ಆಡಳಿತದೊಡನೆ ನಮ್ಮಲ್ಲಿಗೂ ಬಂದಿತು. ಮೈಸೂರಿನಲ್ಲಿ ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ (೧೮೩೪–೧೮೬೧) ಘಟ್ಟಗಳ ಕಡೆಗೆ ಹೋಗುವ ಗಾಡಿರಸ್ತೆಗಳಿಗೆ ವಿಶೇಷ ಗಮನ ಕೊಡಲಾಯಿತು. ಆದರೆ ಘಟ್ಟದ ರಸ್ತೆಗಳಿಗೆ ಒಂದು ವಿಚಿತ್ರವಾದ ಇಕ್ಕಟ್ಟು ಇದ್ದಿತು. ಆಗುಂಬೆಯಂತಹ ದಾರಿಯಲ್ಲಿ ಮೇಲಿನ ಭಾಗ ಮೈಸೂರಿಗೆ ಸೇರಿದ್ದರೆ, ಕೆಳಗಿನ ದಕ್ಷಿಣ ಕನ್ನಡವು ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದಿತು. ೧೮೬೨ರ ಅನಂತರ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿಹೋಯಿತು. ನೀರಾದರೋ ಗಡಿಯನ್ನು ಲೆಕ್ಕಿಸದೆ ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದಿತು. ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಲ್ಲಿ ಮೇಲಿನ ಮೋರಿಯೊಂದು ಕಟ್ಟಿಕೊಂಡರೆ ಕೆಳಗಿನ ತಿರುವೊಂದು ಕೊಚ್ಚಿಹೋಗುವುದು. ಒಂದೇ ಇಳಿಜಾರಿನ ಎರಡು ತುದಿಗಳು ಒಂದೇ ರಾಜ್ಯದ ಆಡಳಿತಕ್ಕೆ ಬಂದುದು ೧೯೫೬ರ ನವೆಂಬರ್ ೧ರಂದು.

ಮೆಕ್ಯಾಡಮನ ರಸ್ತೆ ಕಬ್ಬಿಣದ ಪಟ್ಟಿಯ ಚಕ್ರಗಳಿಗೆ ಹೇಳಿಮಾಡಿಸಿದುದಾಗಿದ್ದಿತು. ಆ ಚಕ್ರಗಳು ಕಲ್ಲನ್ನು ಅರೆದು ಮಾಡಿದ ಪುಡಿಯೇ ಜಲ್ಲಿಯ ಸಂದುಗಳನ್ನು ಬೆಸೆಯುತ್ತಿದ್ದಿತು. ರಬ್ಬರಿನ ಚಕ್ರ ಬಂದ ಮೇಲೆ ಇದು ತಿರುಗುಮುರುಗಾಯಿತು. ವೇಗವಾಗಿ ಓಡುವ ಗಾಳಿಚಕ್ರವು ಪುಡಿಯನ್ನು ಮೇಲಕ್ಕೆ ಹೀರಿ ಎರಚಿತು; ಬೆಸುಗೆ ಕಳೆದುಕೊಂಡ ಜಲ್ಲಿ ಚೆದರಿತು; ಊರುಗಳು ಧೂಳಿನಲ್ಲಿ ಮುಳುಗಿದುವು. ಈ ಧೂಳನ್ನು ಅಡಗಿಸುವುದಕ್ಕಾಗಿಯೇ ೧೯೦೨ರಲ್ಲಿ ಮೊನಾಕೊದಲ್ಲಿ ವೈದ್ಯನಾಗಿದ್ದ ಗುಗ್ಲಿಯೆಲ್ಮಿನೆಟ್ಟಿಯು ರಸ್ತೆಗೆ ಡಾಂಬರು ಬಳಿಯಿಸಿದನು. ಅದೇ ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಾಂತದ ಇಂಜಿನಿಯರಾದ ಹೂಲಿ ಎಂಬವನು ಡಾಂಬರು ಬೆರೆಸಿದ ಜಲ್ಲಿಗೆ ಪೇಟೆಂಟು ಪಡೆದನು.

ಡಾಂಬರು ಹುಟ್ಟಿದುದು ಬೇಸಗೆಯ ಧೂಳಿಗಾಗಿ, ಮಳೆಗಾಲದ ನೀರಿಗಾಗಿ ಅಲ್ಲ ಎಂಬುದು ಗಮನಾರ್ಹವಾದ ಸಂಗತಿ. ಅದು ಮೆಕ್ಯಾಡಮನ ಚಾವಣಿಯನ್ನು ನೀರು ಸೋರದಂತೆ ಪೂರ್ಣಗೊಳಿಸಿತು. ಜೊತೆಗೆ ಅದನ್ನು ನುಣ್ಣಗೆ ಮಾಡಿತು. ನೆಲ ಒಣಗಿಯೇ ಉಳಿಯಿತು, ಆದರೆ ಅಪಾಯವು ನೆಲದಿಂದ ಮೇಲ್ಮೈಗೆ ಏರಿತು. ಹಿಂದೆ ಮಳೆಗಾಲದ ಗಾಡಿ ಹೂತುಕೊಳ್ಳುತ್ತಿದ್ದಿತು. ಇನ್ನು ಮುಂದೆ ಅದು ಜಾರತೊಡಗಿತು. ಹೂತ ಗಾಡಿಯು ಅಲ್ಲಿಯೇ ನಿಲ್ಲುತ್ತದೆ, ಜಾರುವ ಗಾಡಿಯು ನಿಲ್ಲುವುದಿಲ್ಲ.

೩. ಚಕ್ರ ಮತ್ತು ನೀರಿನ ಬೆಣೆ

ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ನನು ೧೮೪೫ರಲ್ಲಿಯೇ ಪೇಟೆಂಟು ಪಡೆದಿದ್ದರೂ ಅದು ಬಳಕೆಗೆ ಬಂದುದು ೧೮೮೮ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ಪನು ಅದನ್ನು ಮತ್ತೆ ಕಂಡುಹಿಡಿದ ಮೇಲೆ. ೧೮೯೫ರಲ್ಲಿ ಮಿಷೆಲಿನ್ ಸಹೋದರರು ಪ್ಯಾರಿಸ್–ಬೋರ್ಡೋ ಪಂದ್ಯದಲ್ಲಿ ಗಾಳಿಚಕ್ರದ ಮೋಟಾರು ಗಾಡಿಯನ್ನು ಓಡಿಸಿ ತೋರಿಸಿದರು. ಆ ಕಾಲದ ಟಯರುಗಳ ಮೈ ಪೂರ್ತಿ ನುಣುಪು. ಒಣರಸ್ತೆಯಲ್ಲಿ ಅದರಿಂದ ಕೆಡುಕಿರಲಿಲ್ಲ. ಒದ್ದೆಯಾದ ಮರದ ಹಾಸು, ನುಣುಪುಗಲ್ಲು, ಡಾಂಬರುಗಳ ಮೇಲೆ ಮಾತ್ರ ಗಾಡಿ ಇದ್ದಕ್ಕಿದ್ದಂತೆ ಅಡ್ಡಲಾಗಿ ತಿರುಗಿಬಿಡುತ್ತಿದ್ದಿತು. ಈ ‘ಅಡ್ಡಜಾರು’ ಅಂದಿನ ಚಾಲಕರಿಗೆ ದುಃಸ್ವಪ್ನವಾಗಿದ್ದಿತು. ನೀರು ಹರಿದುಹೋಗಲೆಂದು ಕೊಟ್ಟಿದ್ದ ರಸ್ತೆಯ ಇಳಿವಾಟವೇ ಗಾಡಿಯನ್ನು ಚರಂಡಿಯ ಕಡೆಗೆ ಜಾರಿಸುವಂತಾಯಿತು. ಎತ್ತಿನ ಗಾಡಿಯ ವೇಗಕ್ಕೆ ಹಿತವಾಗಿದ್ದ ಬಾಗು ಮೋಟಾರಿನ ವೇಗಕ್ಕೆ ಅಹಿತವಾಗಿದ್ದಿತು. ಇಂಜಿನಿಯರುಗಳು ಆ ಬಾಗನ್ನು ತಗ್ಗಿಸಿ, ತಿರುವುಗಳಲ್ಲಿ ಹೊರ ಅಂಚನ್ನು ಎತ್ತರಿಸುವ ಕ್ರಮಕ್ಕೆ ಬರಬೇಕಾಯಿತು.

ಮೊದಲ ಪರಿಹಾರಗಳು ಒರಟಾಗಿದ್ದುವು. ಟಯರಿನ ಮೇಲೆ ಉಕ್ಕಿನ ಮೊಳೆಗಳನ್ನು ಹೊಡೆದ ತೊಗಲಿನ ಹೊದಿಕೆಯನ್ನು ತೊಡಿಸುತ್ತಿದ್ದರು. ೧೯೦೪ರಲ್ಲಿ ಅಮೆರಿಕೆಯ ಹ್ಯಾರಿ ವೀಡನು ಚಕ್ರಕ್ಕೆ ಸುತ್ತುವ ಸರಪಳಿಗೆ ಪೇಟೆಂಟು ಪಡೆದನು. ಇವೆಲ್ಲ ನೆಲವನ್ನು ಕಚ್ಚುವ ಉಪಾಯಗಳು. ಅದೇ ೧೯೦೪ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಸಂಸ್ಥೆಯು ಮೈಯಲ್ಲಿ ಅಚ್ಚಿನ ಗೆರೆಗಳುಳ್ಳ ಟಯರನ್ನು ಮಾರುಕಟ್ಟೆಗೆ ತಂದಿತು. ಸ್ವಲ್ಪ ಕಾಲದಲ್ಲಿಯೇ ಫೈರ್‌ಸ್ಟೋನ್ ಸಂಸ್ಥೆಯು ‘ಜಾರದು’ ಎಂಬರ್ಥದ ಇಂಗ್ಲಿಷ್ ಅಕ್ಷರಗಳನ್ನೇ ಟಯರಿನ ಮೈಯಲ್ಲಿ ಉಬ್ಬಚ್ಚಾಗಿ ಎರಕ ಹೊಯ್ದಿತು. ಆಗ ಗೆರೆಗಳನ್ನೂ ಕಚ್ಚುವ ಹಲ್ಲುಗಳೆಂದೇ ಭಾವಿಸಿದ್ದರು. ಅವು ನೀರಿನ ಕಾಲುವೆಗಳು, ಚಕ್ರದಡಿಯ ನೀರನ್ನು ಹಿಂದಕ್ಕೂ ಬದಿಗೂ ಸಾಗಿಸುವ ಚರಂಡಿಗಳು ಎಂಬ ಅರಿವು ಬೆಳೆಯಲು ಹಲವು ದಶಕಗಳೇ ಬೇಕಾದುವು. ೧೯೪೬ರಲ್ಲಿ ಮಿಷೆಲಿನ್ ಸಂಸ್ಥೆಯು ಪೇಟೆಂಟು ಪಡೆದ ರೇಡಿಯಲ್ ಟಯರು ಈ ಕಾಲುವೆಗಳು ನೆಲಕ್ಕೆ ತಾಗಿದಾಗ ಮುಚ್ಚಿಕೊಳ್ಳದಂತೆ ಕಾಪಾಡಿತು. ೧೯೫೦ರ ದಶಕದಲ್ಲಿ ಕೇಂಬ್ರಿಜ್ಜಿನ ಡೇವಿಡ್ ಟೇಬರ್ ಮತ್ತು ಸಂಗಡಿಗರು, ಒದ್ದೆಯಾದ ನೆಲದಲ್ಲಿ ರಬ್ಬರಿನ ಹಿಡಿತವು ಅದು ಉಬ್ಬುತಗ್ಗುಗಳ ಮೇಲೆ ಅದುಮಿ ಮತ್ತೆ ಚೇತರಿಸಿಕೊಳ್ಳುವಾಗ ಕಳೆದುಕೊಳ್ಳುವ ಶಕ್ತಿಯನ್ನೂ ಅವಲಂಬಿಸಿದೆ ಎಂದು ತೋರಿಸಿಕೊಟ್ಟರು. ಅಂದಿನಿಂದ ಒದ್ದೆ ರಸ್ತೆಗೆ ತಕ್ಕ ರಬ್ಬರನ್ನೇ ಬೇರೆಯಾಗಿ ಹದಗೊಳಿಸುವ ಪದ್ಧತಿ ಬಂದಿತು.

ಈ ಚರಿತ್ರೆಯ ನಿರ್ಣಾಯಕ ಘಟ್ಟವು ರಸ್ತೆಯಲ್ಲಿ ನಡೆಯದೆ ವಿಮಾನದ ಹಾಸಿನ ಮೇಲೆ ನಡೆಯಿತು. ಒದ್ದೆಯಾದ ಹಾಸಿನ ಮೇಲೆ ಇಳಿದ ವಿಮಾನಗಳು ಬ್ರೇಕು ಹಾಕಿದರೂ ನಿಲ್ಲದೆ ಮುಂದೆ ಸಾಗುತ್ತಿದ್ದುವು. ಇದರ ಕಾರಣವನ್ನು ಅಮೆರಿಕೆಯ ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ ೧೯೬೩ರಲ್ಲಿ ವರದಿಯನ್ನು ಪ್ರಕಟಿಸಿದರು. ವೇಗವಾಗಿ ಉರುಳುವ ಚಕ್ರದ ಮುಂದೆ ನೀರು ಬೆಣೆಯಂತೆ ಒಟ್ಟುಗೂಡುತ್ತದೆ. ಬದಿಗೆ ಸರಿಯಲು ಅದಕ್ಕೆ ಕಾಲಾವಕಾಶ ಸಾಲದಾದಾಗ ಅದು ಚಕ್ರದಡಿಗೆ ನುಗ್ಗುತ್ತದೆ. ಅದರ ಒತ್ತಡವು ಟಯರಿನೊಳಗಿನ ಗಾಳಿಯ ಒತ್ತಡಕ್ಕೆ ಸಮನಾದ ಕೂಡಲೆ ಚಕ್ರವು ನೆಲವನ್ನು ಬಿಟ್ಟು ನೀರಿನ ಮೇಲೆ ಏರುತ್ತದೆ. ಇದನ್ನು ‘ನೀರ್ತೇಲಿಕೆ’ ಎಂದು ಕರೆಯಬಹುದು. ಆ ಸ್ಥಿತಿಯಲ್ಲಿ ಚುಕ್ಕಾಣಿಯನ್ನು ತಿರುಗಿಸಿದರೂ ಬ್ರೇಕನ್ನು ತುಳಿದರೂ ಪ್ರಯೋಜನವಿಲ್ಲ. ನೆಲದೊಡನೆ ಗಾಡಿಗೆ ಸಂಬಂಧವೇ ಕಡಿದಿರುತ್ತದೆ.

ಅವರು ಕಂಡುಕೊಂಡ ಸೂತ್ರ ಸರಳವಾದುದು. ಟಯರಿನ ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆದು, ಅದರ ವರ್ಗಮೂಲವನ್ನು ೧೦.೩೫ರಿಂದ ಗುಣಿಸಿದರೆ ಚಕ್ರ ತೇಲುವ ವೇಗವು ಗಂಟೆಗೆ ಮೈಲಿಗಳಲ್ಲಿ ದೊರೆಯುತ್ತದೆ. ೩೦ ಪೌಂಡು ಒತ್ತಡವಿರುವ ಕಾರಿಗೆ ಇದು ಸುಮಾರು ೫೭ ಮೈಲಿ, ಎಂದರೆ ೯೧ ಕಿಲೋಮೀಟರ್. ೨೪ ಪೌಂಡಿಗೆ ಇಳಿದಿದ್ದರೆ ಸುಮಾರು ೮೨ ಕಿಲೋಮೀಟರಿಗೇ ಅದು ತೇಲುವುದು. ನೀರಿನ ಆಳವು ಟಯರಿನ ಗೆರೆಗಳ ಆಳವನ್ನು ಮೀರಿದಾಗ, ಇಲ್ಲವೆ ಗೆರೆಗಳು ಸವೆದು ಹೋಗಿರುವಾಗ ಈ ಲೆಕ್ಕ ಹೊಂದುತ್ತದೆ. ಪೂರ್ತಿ ತೇಲುವುದಕ್ಕೆ ಬಹಳ ಮೊದಲೇ ಹಿಡಿತವು ಕ್ಷೀಣಿಸತೊಡಗುತ್ತದೆಂಬುದನ್ನೂ ಮರೆಯಬಾರದು. ಗಾಳಿಯನ್ನು ಕೊಂಚ ಇಳಿಸಿದರೆ ಮಳೆಯಲ್ಲಿ ಹಿಡಿತ ಹೆಚ್ಚುತ್ತದೆಂದು ಕೆಲವರು ನಂಬುವುದುಂಟು. ಕೆಸರಿನಲ್ಲಿ ನಿಜವಾಗಬಹುದಾದ ಈ ನಂಬಿಕೆ ನೀರು ನಿಂತ ಹೆದ್ದಾರಿಯಲ್ಲಿ ಅಪಾಯಕರವೆಂದು ಈ ಸೂತ್ರವು ತೋರಿಸುತ್ತದೆ.

ವಿಜ್ಞಾನದ ಈ ಅರಿವು ಕಾನೂನಿಗೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಬ್ರಿಟನ್ನಿನಲ್ಲಿ ೧೯೬೮ರಲ್ಲಿ ಟಯರಿನ ಗೆರೆಗಳ ಕನಿಷ್ಠ ಆಳವನ್ನು ೧ ಮಿಲಿಮೀಟರ್ ಎಂದು ಗೊತ್ತುಪಡಿಸಿದರು. ೧೯೯೨ರಲ್ಲಿ ಅದು ೧.೬ ಆಯಿತು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು (೧೯೮೯) ಕಾರು, ಲಾರಿ, ಬಸ್ಸುಗಳಿಗೆ ೧.೬ ಮಿಲಿಮೀಟರನ್ನೂ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ೦.೮ ಮಿಲಿಮೀಟರನ್ನೂ ವಿಧಿಸುತ್ತವೆ. ಒಂದು ಅಕ್ಕಿಕಾಳಿನ ದಪ್ಪದಷ್ಟಿರುವ ಈ ಕಾಲುವೆಯ ಮೇಲೆ ಒಂದು ಸಂಸಾರದ ಪ್ರಾಣ ನಿಂತಿರುತ್ತದೆ.

೪. ಕಣ್ಣಿನ ಮುಂದಣ ನೀರು

ನೀರಿಗೆ ದಾರಿ ಮಾಡಿಕೊಡಬೇಕಾದ ಎರಡನೆಯ ಸ್ಥಳ ಚಾಲಕನ ಮುಂದಿನ ಗಾಜು. ಅಮೆರಿಕೆಯ ಅಲಬಾಮ ಸಂಸ್ಥಾನದ ಮೇರಿ ಆ್ಯಂಡರ್ಸನ್ ಎಂಬಾಕೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಬೆರೆತ ಮಳೆಯಲ್ಲಿ ಟ್ರಾಮಿನ ಚಾಲಕನು ಮುಂದಿನ ಕಿಟಕಿಯನ್ನು ತೆರೆದುಕೊಂಡು ಚಳಿಗೆ ನಡುಗುತ್ತ ಗಾಡಿ ನಡೆಸುವುದನ್ನು ಕಂಡಳು. ಒಳಗೆ ಕುಳಿತೇ ಸನ್ನೆಯಿಂದ ಆಡಿಸಬಹುದಾದ ರಬ್ಬರಿನ ಒರಸುಪಟ್ಟಿಯೊಂದನ್ನು ಯೋಚಿಸಿ, ೧೯೦೩ರ ನವೆಂಬರ್ ೧೦ರಂದು ಪೇಟೆಂಟು ಪಡೆದಳು. ೧೯೦೫ರಲ್ಲಿ ಕೆನಡದ ಸಂಸ್ಥೆಯೊಂದು ಇದಕ್ಕೆ ವ್ಯಾಪಾರದ ಬೆಲೆಯಿಲ್ಲವೆಂದು ತಿರಸ್ಕರಿಸಿತು. ಮೋಟಾರು ಗಾಡಿ ಮನೆಮಾತಾಗುವ ಹೊತ್ತಿಗೆ ಆ ಪೇಟೆಂಟಿನ ಹದಿನೇಳು ವರ್ಷದ ಅವಧಿ ಮುಗಿದುಹೋಗಿದ್ದಿತು.

ಒರಸುಪಟ್ಟಿಯನ್ನು ವ್ಯಾಪಾರಕ್ಕೆ ತಂದವರಲ್ಲಿ ಬಫಲೊ ನಗರದ ಜಾನ್ ಓಯ್ಷೈ ಪ್ರಮುಖನು. ೧೯೧೭ರಲ್ಲಿ ಮಳೆಯಲ್ಲಿ ಕಾರು ನಡೆಸುತ್ತಿದ್ದಾಗ ಅವನ ಕಾರು ಒಬ್ಬ ಸೈಕಲ್ ಸವಾರನಿಗೆ ಬಡಿಯಿತು. ಆ ಪಶ್ಚಾತ್ತಾಪವೇ ಅವನ ಉದ್ಯಮಕ್ಕೆ ಮೂಲವಾಯಿತು. ಮುಂದೆ ಬಳಕೆಗೆ ಬಂದ ಒಂದು ಬಗೆಯ ಯಂತ್ರದಲ್ಲಿ ಪಟ್ಟಿಯನ್ನು ಇಂಜಿನ್ನಿನ ನಿರ್ವಾತದಿಂದ ಆಡಿಸುತ್ತಿದ್ದರು. ಇದರಲ್ಲಿ ಒಂದು ದೊಡ್ಡ ಕೊರತೆ ಇದ್ದಿತು. ಏರುದಾರಿಯಲ್ಲಿ ಇಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟಾಗ ನಿರ್ವಾತ ಕುಗ್ಗಿ ಪಟ್ಟಿ ನಿಧಾನವಾಗುವುದು, ಕೆಲವೊಮ್ಮೆ ನಿಂತೇ ಹೋಗುವುದು. ಘಟ್ಟವನ್ನು ಏರುವವನಿಗೆ ಕಣ್ಣು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅದು ಕೈಕೊಡುತ್ತಿದ್ದಿತು. ಜರ್ಮನಿಯ ಬಾಷ್ ಸಂಸ್ಥೆಯು ೧೯೨೬ರಲ್ಲಿ ತಂದ ವಿದ್ಯುತ್ತಿನ ಪಟ್ಟಿಯು ಕ್ರಮೇಣ ಇದರ ಸ್ಥಾನವನ್ನು ಪಡೆಯಿತು. ೧೯೬೦ರ ದಶಕದಲ್ಲಿ ರಾಬರ್ಟ್ ಕರ್ನ್ಸ್ ಎಂಬ ಅಮೆರಿಕನ್ ಇಂಜಿನಿಯರು, ಕಣ್ಣಿನ ರೆಪ್ಪೆಯಂತೆ ಬಿಟ್ಟುಬಿಟ್ಟು ಒರಸುವ ಏರ್ಪಾಡನ್ನು ರೂಪಿಸಿ ತುಂತುರು ಮಳೆಗೂ ಪರಿಹಾರ ಕಂಡನು.

ಇಲ್ಲಿಯೇ ಇನ್ನೊಂದು ಸಣ್ಣ ಸಾಧನವನ್ನು ನೆನೆಯಬೇಕು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ಪರ್ಸಿ ಷಾ ೧೯೩೪ರಲ್ಲಿ ಪೇಟೆಂಟು ಪಡೆದ, ರಸ್ತೆಯ ನಡುಗೆರೆಯಲ್ಲಿ ಹುದುಗಿಸುವ ‘ಬೆಕ್ಕಿನ ಕಣ್ಣು’ ರಾತ್ರಿಯಲ್ಲಿ ದೀಪದ ಬೆಳಕನ್ನು ಹಿಂದಕ್ಕೆ ಹೊಳೆಯಿಸುತ್ತದೆ. ಚಕ್ರವು ಅದನ್ನು ತುಳಿದಾಗಲೆಲ್ಲ ಗಾಜು ಕೆಳಕ್ಕಿಳಿದು, ತಳದಲ್ಲಿ ಶೇಖರವಾದ ಮಳೆಯ ನೀರಿನಲ್ಲಿ ತೊಳೆದುಕೊಂಡು, ರಬ್ಬರಿಗೆ ಉಜ್ಜಿ ಶುಭ್ರವಾಗುತ್ತದೆ. ಮಳೆಯನ್ನು ಹೊರದೂಡುವ ಸಾಧನಗಳ ಈ ಚರಿತ್ರೆಯಲ್ಲಿ ಮಳೆಯನ್ನೇ ದುಡಿಸಿಕೊಂಡ ವಿರಳ ಉದಾಹರಣೆ ಇದು.

೫. ಬ್ರೇಕು: ಲಾಭ ಮತ್ತು ಅದರ ವ್ಯಯ

ಆದಿಯಲ್ಲಿ ಮೋಟಾರು ಗಾಡಿಗಳಿಗೆ ಹಿಂದಿನ ಚಕ್ರಗಳಲ್ಲಿ ಮಾತ್ರ ಬ್ರೇಕು ಇರುತ್ತಿದ್ದಿತು. ೧೯೨೦ರ ದಶಕದಲ್ಲಿ ನಾಲ್ಕು ಚಕ್ರಗಳಿಗೂ ಬ್ರೇಕು ಬಂದಾಗ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರವನ್ನು ತಡೆದರೆ ಗಾಡಿ ಹಿಡಿತ ತಪ್ಪುವುದೆಂದು ಅನೇಕರು ಅಂಜಿದರು. ಅಂತಹ ಗಾಡಿ ಥಟ್ಟನೆ ನಿಂತರೆ ಹಿಂದಿನವನು ಬಂದು ಬಡಿದಾನೆಂದು ಅದರ ಹಿಂಭಾಗದಲ್ಲಿ ಕೆಂಪು ತ್ರಿಕೋನದ ಎಚ್ಚರಿಕೆಯನ್ನು ಹಚ್ಚುತ್ತಿದ್ದುದೂ ಉಂಟು. ಡ್ರಮ್ಮಿನ ಒಳಗಿದ್ದ ಬ್ರೇಕುಗಳು ನೀರಿಗಿಳಿದರೆ ಒದ್ದೆಯಾಗಿ ಕೆಲಸ ಕೆಡುತ್ತಿದ್ದುವು. ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ೧೯೫೩ರ ಲೆ ಮಾನ್ಸ್ ಪಂದ್ಯವನ್ನು ಗೆದ್ದ ಮೇಲೆ ಆ ಬಗೆಯ ಬ್ರೇಕು ಜನಪ್ರಿಯವಾಯಿತು. ತೆರೆದ ತಟ್ಟೆಯು ತಿರುಗುವಾಗಲೇ ನೀರನ್ನು ಎರಚಿ ಬೇಗ ಒಣಗುತ್ತದೆ.

ಚಕ್ರವು ಉರುಳುತ್ತಿರುವಷ್ಟು ಕಾಲ ಚುಕ್ಕಾಣಿಗೆ ಬೆಲೆ. ಬ್ರೇಕಿನಿಂದ ಅದು ಬಿಗಿದು ನಿಂತರೆ ಗಾಡಿ ಜಾರುಬಂಡೆಯಾಗುತ್ತದೆ. ಬಿಗಿಯದಂತೆ ಬ್ರೇಕನ್ನು ಬಿಟ್ಟು ಹಿಡಿಯುವ ಯಂತ್ರವೂ ಮೊದಲು ಬಂದುದು ವಿಮಾನಗಳಿಗೆ: ೧೯೫೦ರ ದಶಕದ ಆರಂಭದ ಡನ್‌ಲಪ್ ಮ್ಯಾಕ್ಸರೆಟ್. ೧೯೬೬ರ ಜೆನ್ಸೆನ್ ಎಫ್‌ಎಫ್ ಕಾರಿಗೆ ಅದನ್ನು ಅಳವಡಿಸಿದರು. ೧೯೭೮ರಲ್ಲಿ ಬಾಷ್ ಸಂಸ್ಥೆಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಕಾರುಗಳಲ್ಲಿ ಬಂದಿತು. ಭಾರತದಲ್ಲಿ ೨೦೧೯ರ ಏಪ್ರಿಲಿನಿಂದ ಹೊಸ ಕಾರುಗಳೆಲ್ಲಕ್ಕೂ ಅದು ಕಡ್ಡಾಯವಾಯಿತು.

ಇಷ್ಟೆಲ್ಲ ಆದ ಮೇಲೆ ಮಳೆಯ ಅಪಾಯವು ನೀಗಿರಬೇಕೆಂದು ಎಣಿಸುವುದು ಸಹಜ. ಆದರೆ ೧೯೮೦ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆದ ಒಂದು ಪರೀಕ್ಷೆಯು ಬೇರೆಯ ಪಾಠವನ್ನು ಹೇಳುತ್ತದೆ. ಒಂದೇ ಟ್ಯಾಕ್ಸಿ ಸಂಸ್ಥೆಯ ಕೆಲವು ಕಾರುಗಳಿಗೆ ಎಬಿಎಸ್ ಹಾಕಿ, ಕೆಲವಕ್ಕೆ ಹಾಕದೆ ಬಿಟ್ಟು ಹೋಲಿಸಿದಾಗ ಎರಡು ಗುಂಪುಗಳ ಒಟ್ಟು ಅಪಘಾತಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಬ್ರೇಕು ಪಡೆದವರು ತಿರುವುಗಳನ್ನು ಹೆಚ್ಚು ಬಿರುಸಾಗಿ ತೆಗೆದುಕೊಳ್ಳುತ್ತಿದ್ದರು, ಮುಂದಿನ ಗಾಡಿಗೆ ಹೆಚ್ಚು ಹತ್ತಿರವಾಗಿ ಸಾಗುತ್ತಿದ್ದರು. ಯಂತ್ರವು ಕೊಟ್ಟ ಸುರಕ್ಷಿತತೆಯನ್ನು ಅವರು ವೇಗಕ್ಕಾಗಿ ವ್ಯಯಮಾಡಿದ್ದರು.

ಈ ಒಂದು ಪರೀಕ್ಷೆಯಿಂದ ಯಂತ್ರಗಳೆಲ್ಲ ವ್ಯರ್ಥವೆಂದು ತೀರ್ಮಾನಿಸುವುದು ಸರಿಯಲ್ಲ. ೧೯೯೫ರಲ್ಲಿ ಬಳಕೆಗೆ ಬಂದ, ಅಡ್ಡಜಾರನ್ನು ಅರಿತು ಚಕ್ರಗಳನ್ನು ಬೇರೆ ಬೇರೆಯಾಗಿ ತಡೆಯುವ ಏರ್ಪಾಡು ಹಲವು ದೇಶಗಳಲ್ಲಿ ಅಪಘಾತಗಳನ್ನು ನಿಶ್ಚಯವಾಗಿ ತಗ್ಗಿಸಿದೆ. ಆದರೂ ಡಾಂಬರು, ಟಯರು, ಬ್ರೇಕು ಈ ಮೂರರ ಚರಿತ್ರೆಯಲ್ಲಿಯೂ ಒಂದೇ ಕ್ರಮ ಕಂಡುಬರುತ್ತದೆ. ಒಂದು ಅಪಾಯಕ್ಕೆ ಪರಿಹಾರ ದೊರೆಯುತ್ತದೆ. ಪರಿಹಾರವು ವೇಗವನ್ನು ಹೆಚ್ಚಿಸುತ್ತದೆ. ಹೆಚ್ಚಿದ ವೇಗವು ಇನ್ನೊಂದು ಅಪಾಯವನ್ನು ಹೊರಗೆಡಹುತ್ತದೆ.

೬. ಘಟ್ಟದ ಪಾಠ

ಇದುವರೆಗೆ ರಸ್ತೆಯ ಮೇಲ್ಮೈಯ ನೀರನ್ನು ಕುರಿತು ಹೇಳಿದ್ದಾಯಿತು. ಪಶ್ಚಿಮಘಟ್ಟಗಳಲ್ಲಿ ಇನ್ನೊಂದು ನೀರು ಉಂಟು. ಅದು ಗುಡ್ಡದ ಒಳಗೆ ಇಳಿಯುವ ನೀರು. ಮೆಕ್ಯಾಡಮನು ತನ್ನ ಚಾವಣಿಯಿಂದ ರಸ್ತೆಯಡಿಯ ನೆಲವನ್ನು ಕಾಪಾಡಿದನು. ರಸ್ತೆಗಾಗಿ ಕಡಿದ ಗುಡ್ಡದ ಮೈಗೆ ಅಂತಹ ಚಾವಣಿ ಇಲ್ಲ.

ಬೆಂಗಳೂರು–ಮಂಗಳೂರು ಹೆದ್ದಾರಿಯ ಶಿರಾಡಿ ಘಟ್ಟವನ್ನು ೨೦೧೫ ಮತ್ತು ೨೦೧೮ರಲ್ಲಿ ಎರಡು ಹಂತಗಳಲ್ಲಿ, ಸಂಚಾರವನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಕಾಂಕ್ರೀಟು ಮಾಡಲಾಯಿತು. ಎರಡನೆಯ ಹಂತವು ಮುಗಿದು ೨೦೧೮ರ ಜುಲೈಯಲ್ಲಿ ದಾರಿ ತೆರೆಯಿತು. ಮರು ತಿಂಗಳೇ ಅತಿವೃಷ್ಟಿಯಿಂದ ಗುಡ್ಡಗಳು ಕುಸಿದು ಅದು ಮತ್ತೆ ಮುಚ್ಚಿತು. ಅದೇ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ದಾರಿಯೂ, ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟವೂ ಕುಸಿತಕ್ಕೆ ಈಡಾದುವು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಇಳಿದು ಹಲವರು ಪ್ರಾಣ ಕಳೆದುಕೊಂಡರು. ಗಂಗಾವಳಿ ನದಿಗೆ ಸೇರಿದ ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿ ಪ್ರಾಣ ಕಳೆದುಕೊಂಡವರ ಟಯರಿನ ಗೆರೆ ಎಷ್ಟು ಆಳವಾಗಿದ್ದರೂ, ಬ್ರೇಕು ಎಷ್ಟು ಉತ್ತಮವಾಗಿದ್ದರೂ ಏನೂ ಆಗುತ್ತಿರಲಿಲ್ಲ. ಚಾಲಕನ ಅಜಾಗರೂಕತೆ ಎಂಬ ಮಾತು ಇಲ್ಲಿ ಅರ್ಥಹೀನವಾಗುತ್ತದೆ. ಗುಡ್ಡದ ಬುಡವನ್ನು ಕಡಿದಾಗಿ ಕಡಿದು, ಮೇಲಿನ ನೀರಿಗೆ ಇದ್ದ ದಾರಿಯನ್ನು ಕಟ್ಟಿ, ಅಗಲವಾದ ಹೆದ್ದಾರಿಯನ್ನು ಹಾಸಿದರೆ ಅದು ಮಳೆಗಾಲದ ರಸ್ತೆಯಾಗುವುದಿಲ್ಲ.

೭. ಉಪಸಂಹಾರ

ಹಾಗಾದರೆ ಚಾಲಕನ ಪಾಲಿಗೆ ಉಳಿಯುವುದೇನು? ಒಂದು ಸ್ಥೂಲವಾದ ಲೆಕ್ಕವು ಇದಕ್ಕೆ ಉತ್ತರ ಕೊಡುತ್ತದೆ. ಒಣರಸ್ತೆಯ ಘರ್ಷಣಾಂಕವನ್ನು ೦.೭ ಎಂದೂ ಒದ್ದೆ ರಸ್ತೆಯಲ್ಲಿ ಅದರ ಅರ್ಧವೆಂದೂ ಇಟ್ಟುಕೊಳ್ಳೋಣ. ಗಂಟೆಗೆ ೬೦ ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ ಒಣರಸ್ತೆಯಲ್ಲಿ ಸುಮಾರು ೨೦ ಮೀಟರು, ಒದ್ದೆಯಲ್ಲಿ ೪೦ ಮೀಟರು ಸಾಗುತ್ತದೆ. ಇಪ್ಪತ್ತಕ್ಕೆ ಒಂದರಂತೆ ಇಳಿಜಾರಿದ್ದರೆ ಈ ನಲವತ್ತು ನಲವತ್ತೇಳಾಗುತ್ತದೆ. ಕಣ್ಣಿಗೆ ಕಂಡುದಕ್ಕೆ ಕಾಲು ಸ್ಪಂದಿಸುವ ಒಂದು ಸೆಕೆಂಡಿನಲ್ಲಿ ಸಾಗುವ ೧೭ ಮೀಟರನ್ನು ಇದಕ್ಕೆ ಕೂಡಿಸಬೇಕು. ಆದರೆ ಅದೇ ಒದ್ದೆಯ ಸಮರಸ್ತೆಯಲ್ಲಿ ವೇಗವನ್ನು ೪೨ಕ್ಕೆ ಇಳಿಸಿದರೆ, ಬ್ರೇಕು ಹಿಡಿದ ಮೇಲೆ ಸಾಗುವ ದೂರವು ಮತ್ತೆ ೨೦ ಮೀಟರಿಗೆ ಬರುತ್ತದೆ. ನಿಲ್ಲುವ ದೂರವು ವೇಗದ ವರ್ಗವನ್ನು ಅನುಸರಿಸುವುದರಿಂದ, ಮಳೆಯು ಕಸಿದುಕೊಂಡ ಅರ್ಧ ಹಿಡಿತವನ್ನು ವೇಗದ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಬಿಟ್ಟುಕೊಟ್ಟು ಮರಳಿ ಪಡೆಯಬಹುದು. ಇಷ್ಟು ಅಗ್ಗವಾದ ಸುರಕ್ಷಾಸಾಧನವನ್ನು ಯಾವ ಕಾರ್ಖಾನೆಯೂ ಮಾಡಿಲ್ಲ.

ಉಳಿದ ನಿಯಮಗಳೆಲ್ಲ ಮೇಲೆ ಹೇಳಿದ ಚರಿತ್ರೆಯಿಂದ ತಾವಾಗಿಯೇ ಹೊರಡುತ್ತವೆ. ಮೃಗಶಿರಾ ಮಳೆಯ ಮೊದಲ ಹನಿಗಳು ಬೇಸಗೆಯಿಡೀ ರಸ್ತೆಯ ಮೇಲೆ ಕುಳಿತ ಎಣ್ಣೆ ಧೂಳುಗಳೊಡನೆ ಬೆರೆಯುವುದರಿಂದ, ಜಡಿಮಳೆಗಿಂತಲೂ ಆ ಮೊದಲ ತುಂತುರಿಗೆ ಹೆಚ್ಚು ಅಂಜಬೇಕು. ಮುಂದಿನ ಗಾಡಿಯ ಚಕ್ರಗಳು ನೀರು ಸರಿಸಿದ ಜಾಡಿನಲ್ಲಿ, ಬೇಸಗೆಯ ಎರಡರಷ್ಟು ಅಂತರವನ್ನು ಬಿಟ್ಟು ಹಿಂಬಾಲಿಸಬೇಕು. ಚಕ್ರವು ತೇಲಿತೆಂದು ತೋರಿದರೆ ಬ್ರೇಕನ್ನು ತುಳಿಯದೆ, ಚುಕ್ಕಾಣಿಯನ್ನು ನೇರವಾಗಿ ಹಿಡಿದು, ಎಣ್ಣೆಯ ಪೆಡಲಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು. ನೀರಿನಲ್ಲಿ ಹಾಯ್ದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು. ಇಕ್ಕಟ್ಟಾದ ಘಟ್ಟದ ದಾರಿಯಲ್ಲಿ ಇಳಿಯುವವನು ಏರುವವನಿಗೆ ಎಡೆಗೊಡಬೇಕೆಂದು ೧೯೮೯ರ ರಸ್ತೆ ನಿಯಮಗಳು ವಿಧಿಸಿದುದು ಮಳೆಗಾಲದಲ್ಲಿ ಇನ್ನಷ್ಟು ಯುಕ್ತವಾದ ಮಾತು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಈಚೆಯ ದಡದಲ್ಲಿಯೇ ನಿಲ್ಲಬೇಕು. ಇದು ಚಾತುರ್ಮಾಸ್ಯದ ನಿಯಮ. ನಾಲ್ಕು ತಿಂಗಳಿಗೆ ಬದಲು ನಾಲ್ಕು ಗಂಟೆಯ ಮಟ್ಟಿಗೆ ಪಾಲಿಸಿದರೂ ಸಾಕು.

ಮಳೆಯು ಅಪಘಾತಕ್ಕೆ ಸಂದರ್ಭವೇ ಹೊರತು ಕಾರಣವಲ್ಲವೆಂದು ಈ ವಿವೇಚನೆಯಿಂದ ಸಿದ್ಧವಾಗುತ್ತದೆ. ಕಾರಣವಿರುವುದು ಮುಚ್ಚಿಹೋದ ಮೋರಿಯಲ್ಲಿ, ಕಡಿದಾಗಿ ಕಡಿದ ಗುಡ್ಡದಲ್ಲಿ, ಸವೆದ ಟಯರಿನಲ್ಲಿ, ಇಳಿಸದ ವೇಗದಲ್ಲಿ. ಇವುಗಳಲ್ಲಿ ಕೊನೆಯದು ಮಾತ್ರ ಪೂರ್ಣವಾಗಿ ಚಾಲಕನ ಅಧೀನ. ಮೊದಲಿನ ಎರಡು ಎಂದಿಗೂ ಅವನ ಅಧೀನವಲ್ಲ. ಆದುದರಿಂದ ಮಳೆಗಾಲದಲ್ಲಿ ಸತ್ತವನೊಬ್ಬನ ಹೆಸರಿನ ಮುಂದೆ ‘ಅಜಾಗರೂಕತೆ’ ಎಂದು ಬರೆಯುವ ಮುನ್ನ, ಆ ತಿರುವಿನ ಚರಂಡಿಯನ್ನು ಮಳೆಗೆ ಮೊದಲು ಯಾರಾದರೂ ಬಿಡಿಸಿದ್ದರೇ ಎಂಬುದನ್ನೂ ವಿಚಾರಿಸುವುದು ನ್ಯಾಯ. ಮೆಕ್ಯಾಡಮನು ಇನ್ನೂರು ವರ್ಷಗಳ ಹಿಂದೆ ಕೇಳುತ್ತಿದ್ದುದೂ ಇದೇ ಪ್ರಶ್ನೆಯನ್ನು: ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗಬೇಕು?